ಬೀರುವಿನಲ್ಲೇ ಇದ್ದ ಸೀಸೆ

2024ರ ಸ್ವಾತಂತ್ರ್ಯ ದಿನದ ರಜೆ ಮುಗಿಸಿ ಬೆಂಗಳೂರಿನ ತಮ್ಮ ಕ್ಲಿನಿಕ್ಕಿಗೆ ಬಂದ ಮನೋವೈದ್ಯೆಯೊಬ್ಬರಿಗೆ ಬೆಳಗಿನಿಂದಲೇ ಫೋನಿನ ಮೇಲೆ ಫೋನು. ಹಿಂದಿನ ರಾತ್ರಿ ಲಾಸ್ ಏಂಜಲೀಸ್‌ನಿಂದ ಸುದ್ದಿ ಬಂದಿತ್ತು. ‘ಫ್ರೆಂಡ್ಸ್’ ಧಾರಾವಾಹಿಯ ನಟ ಮ್ಯಾಥ್ಯೂ ಪೆರಿಯ ಸಾವಿನ ಸಂಬಂಧ ಐವರ ಮೇಲೆ ಮೊಕದ್ದಮೆ, ಅವರಲ್ಲಿ ಇಬ್ಬರು ವೈದ್ಯರು. ಪೆರಿ ತೀರಿಕೊಂಡದ್ದು 2023ರ ಅಕ್ಟೋಬರ್ 28ರಂದು. ಶವಪರೀಕ್ಷೆಯಲ್ಲಿ ಅವನ ರಕ್ತದಲ್ಲಿ ಸಿಕ್ಕ ಕೆಟಮಿನ್, ಆಪರೇಷನ್ನಿಗೆ ಪೂರ್ತಿ ಮತ್ತು ಬರಿಸಿದಾಗ ಇರುವಷ್ಟಿತ್ತು. ಖಿನ್ನತೆಗೆಂದು ಆತ ವೈದ್ಯರ ಕೈಯಲ್ಲಿ ಅದೇ ಔಷಧ ತೆಗೆದುಕೊಳ್ಳುತ್ತಿದ್ದ. ಆದರೆ ಪ್ರಾಣ ತೆಗೆದದ್ದು ಆಸ್ಪತ್ರೆಯಲ್ಲಿ ಕೊಟ್ಟದ್ದಲ್ಲ, ಕಳ್ಳದಾರಿಯಲ್ಲಿ ಮನೆಗೆ ಬಂದದ್ದು.

“ಮೇಡಂ, ನಮ್ಮ ಯಜಮಾನರಿಗೆ ನೀವು ಡ್ರಿಪ್‌ನಲ್ಲಿ ಕೊಡೋದು ಅದೇನಾ?”

“ಹೌದಮ್ಮ, ಅದೇ ಔಷಧ. ಪ್ರಮಾಣ ಬೇರೆ, ಕೊಡೋ ರೀತಿ ಬೇರೆ. ಅವರನ್ನೂ ಕರ್ಕೊಂಡು ಬನ್ನಿ, ಕೂತು ಮಾತಾಡೋಣ.”

ಅದೇ ಔಷಧ ಅನ್ನುವುದನ್ನು ಮುಚ್ಚಿಟ್ಟು ಸಮಾಧಾನ ಹೇಳುವುದು ಅವರ ಸ್ವಭಾವಕ್ಕೆ ಒಗ್ಗದು. ಸಂಜೆ ಫೋನುಗಳು ತಣ್ಣಗಾದ ಮೇಲೆ ಅವರ ನೆನಪು ಓಡಿದ್ದು ಅಮೆರಿಕದ ಕಡೆಗಲ್ಲ, ತುಂಗಭದ್ರೆಯ ಬಯಲಿನ ಒಂದು ತಾಲ್ಲೂಕು ಆಸ್ಪತ್ರೆಯ ಕಡೆಗೆ.

ಎಂಬತ್ತರ ದಶಕದ ಕೊನೆ. ಎಂಬಿಬಿಎಸ್ ಮುಗಿಸಿ, ಸರ್ಕಾರಿ ಆದೇಶ ಹಿಡಿದು ಕೆಂಪು ಬಸ್ಸಿನಿಂದ ಟ್ರಂಕು ಇಳಿಸಿಕೊಂಡ ಹುಡುಗಿಯನ್ನು ಊರವರು ಮೊದಲ ವಾರದಲ್ಲೇ ‘ಸಣ್ಣ ಡಾಕ್ಟರಮ್ಮ’ ಮಾಡಿದ್ದರು. ದೊಡ್ಡ ಡಾಕ್ಟರೆಂದರೆ ಸರ್ಜನ್. ಹೆರಿಗೆ, ಹರ್ನಿಯಾ, ಕಣಜದ ಮೇಲಿಂದ ಬಿದ್ದು ಕೈ ಮುರಿದುಕೊಂಡ ಹುಡುಗರು, ಸ್ಟೋವ್ ಸಿಡಿದು ಸುಟ್ಟುಕೊಂಡು ಬಂದ ಹೆಂಗಸರು, ಎಲ್ಲಕ್ಕೂ ಅವರೊಬ್ಬರೇ. ಥಿಯೇಟರಿನ ಮೂಲೆಯಲ್ಲಿ ಮತ್ತು ಬರಿಸುವ ಒಂದು ಬಾಯ್ಲ್ಸ್ ಮಷೀನು ಹಸಿರು ಬಟ್ಟೆ ಹೊದ್ದು ನಿಂತಿತ್ತು. ಅದನ್ನು ನಡೆಸುವ ಅರಿವಳಿಕೆ ತಜ್ಞರ ಹುದ್ದೆ ಖಾಲಿ, ಆಕ್ಸಿಜನ್ ಸಿಲಿಂಡರ್ ಬರಬೇಕಾದರೆ ಜಿಲ್ಲಾ ಕೇಂದ್ರಕ್ಕೆ ಜೀಪು ಹೋಗಬೇಕು, ಕರೆಂಟಂತೂ ಬಂದರೆ ಬಂತು. ಇಂಥ ಕಡೆ ಸರ್ಜನ್ನರ ಬಲಗೈ ಎಂದರೆ ಬೀರುವಿನಲ್ಲಿದ್ದ ರಬ್ಬರ್ ಮುಚ್ಚಳದ ಪುಟ್ಟ ಸೀಸೆ. ಹತ್ತು ಎಂಎಲ್, ಒಂದೊಂದು ಎಂಎಲ್‌ಗೆ 50 ಮಿಲಿಗ್ರಾಂ. ಕೆಟಮಿನ್ ಎಂದು ಯಾರೂ ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅದು ಕಂಪನಿ ಇಟ್ಟ ಹೆಸರಿನಿಂದ ‘ಕೆಟಲಾರ್’.

ಬೇರೆ ಮತ್ತಿನ ಔಷಧಗಳು ಉಸಿರನ್ನು ತಗ್ಗಿಸುತ್ತವೆ, ಬಿಪಿ ಇಳಿಸುತ್ತವೆ. ಇದು ಉಸಿರನ್ನು ಹೆಚ್ಚುಕಡಿಮೆ ಅದರ ಪಾಡಿಗೆ ಬಿಡುತ್ತದೆ, ಬಿಪಿಯನ್ನು ಒಂದಿಷ್ಟು ಏರಿಸುತ್ತದೆ. ರೋಗಿಯ ಕಣ್ಣು ತೆರೆದೇ ಇರುತ್ತದೆ, ಗುಡ್ಡೆ ಅತ್ತಿಂದಿತ್ತ ಆಡುತ್ತಿರುತ್ತದೆ, ಚಾಕು ತಾಗಿದ್ದು ಮಾತ್ರ ತಿಳಿಯದು. ಜೊಲ್ಲು ಉಕ್ಕದ ಹಾಗೆ ಮೊದಲೇ ಒಂದು ಅಟ್ರೋಪಿನ್ ಚುಚ್ಚಿ, ಸಿಸ್ಟರ್ ಒಬ್ಬರು ಗದ್ದ ಎತ್ತಿ ಹಿಡಿದು ನಿಂತರೆ ಕೆಲಸ ಸಾಗುತ್ತಿತ್ತು. ಡೆಟ್ರಾಯಿಟ್‌ನ ಕ್ಯಾಲ್ವಿನ್ ಸ್ಟೀವನ್ಸ್ ಪಾರ್ಕ್-ಡೇವಿಸ್ ಕಂಪನಿಗಾಗಿ ಈ ರಾಸಾಯನಿಕವನ್ನು ತಯಾರಿಸಿದ್ದು 1962ರಲ್ಲಿ. ಮನುಷ್ಯನಿಗೆ ಮೊದಲ ಬಾರಿ ಕೊಟ್ಟದ್ದು 1964ರ ಆಗಸ್ಟ್ 3ರಂದು, ಮಿಷಿಗನ್‌ನ ಜಾಕ್ಸನ್ ಸೆರೆಮನೆಯ ಒಬ್ಬ ಕೈದಿಗೆ. ಕೊಟ್ಟವರು ಎಡ್ವರ್ಡ್ ಡೊಮಿನೊ ಮತ್ತು ಗುಂಟರ್ ಕಾರ್ಸನ್. 1970ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು, ವಿಯೆಟ್ನಾಂ ಯುದ್ಧದ ಗಾಯಾಳುಗಳ ಮೇಲೆ ಬಳಕೆಯಾಯಿತು, 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಈ ಚರಿತ್ರೆ ತಾಲ್ಲೂಕಿನ ಥಿಯೇಟರಿನಲ್ಲಿ ಯಾರಿಗೂ ಬೇಕಿರಲಿಲ್ಲ. ಹುಡುಗನ ಮೂಳೆ ಕೂಡಿಸುವಷ್ಟು ಹೊತ್ತು ಅವನು ಅಳದಿದ್ದರೆ ಸಾಕಿತ್ತು.

ತೊಂದರೆ ಇದ್ದದ್ದು ಎಚ್ಚರವಾಗುವ ಹೊತ್ತಿನಲ್ಲಿ. ಕೆಲವರು ಚೀರುತ್ತಿದ್ದರು, ಕೆಲವರು ಸತ್ತ ತಾಯಿಯ ಜೊತೆ ಮಾತಾಡುತ್ತಿದ್ದರು, ಒಬ್ಬ ಮುದುಕ ಗಟ್ಟಿಯಾಗಿ ಭಜನೆ ಹಾಡುತ್ತಿದ್ದ. “ಮ್ಯಾಲಿಂದ ನನ್ನ ಮೈ ನಾನ ನೋಡಿದ್ನಿರಿ ಅಕ್ಕಾರ” ಎಂದ ಹೆಂಗಸಿನ ಮುಖ ಡಾಕ್ಟರಮ್ಮನಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆಸ್ಪತ್ರೆಯವರು ಇದಕ್ಕೆಲ್ಲ ಇಟ್ಟ ಹೆಸರು ಬಡಬಡಿಕೆ. ಕೆನ್ನೆ ತಟ್ಟಿ, ಹೆಸರು ಹಿಡಿದು ಕೂಗಿ, ಕೆಲವೊಮ್ಮೆ ಜೋರಾಗಿ ಗದರಿ ಎಬ್ಬಿಸುತ್ತಿದ್ದರು. ಅದು ಒರಟುತನ. ಸಾಲುಗಟ್ಟಿ ಕಾದಿದ್ದ ಕೇಸುಗಳ ನೆಪ ಹೇಳಿ ಅದನ್ನು ಮುಚ್ಚಲಾಗದು. ಅಲ್ಲಿ ಹಾಗೆ ಮಾಡದಿದ್ದವಳು ಒಬ್ಬಳೇ, ಥಿಯೇಟರಿನ ಆಯಾ. ಓದು ಬಾರದ, ಸದಾ ಎಲೆ ಅಡಿಕೆ ಮೆಲ್ಲುವ ಹೆಂಗಸು. ಟೇಬಲ್ಲಿನಿಂದ ಇಳಿಸಿದ ರೋಗಿಯನ್ನು ಕಿಟಕಿ ಮುಚ್ಚಿದ ಪಕ್ಕದ ಕೋಣೆಗೆ ಹಾಕಿಸಿ, ಪಾದ ಹಿಡಿದು ಕೂತು, ಕಿವಿಯ ಹತ್ತಿರ ಮೆಲ್ಲಗೆ ಹೇಳುತ್ತಿದ್ದಳು: “ಹೆದರಬ್ಯಾಡ, ನಾ ಇಲ್ಲೇ ಅದೀನಿ.” ಅವಳ ಕೈಗೆ ಬಂದವರು ಚೀರುತ್ತಿರಲಿಲ್ಲ. ಗಲಾಟೆಯಿಲ್ಲದ ಕಡೆ ಮಲಗಿಸಬೇಕು, ಸುಮ್ಮನೆ ಮುಟ್ಟಿ ತಟ್ಟಿ ಎಬ್ಬಿಸಬಾರದು ಎಂದು ಅರಿವಳಿಕೆಯ ಪಠ್ಯಗಳೂ ಹೇಳುತ್ತವೆ. ಅವಳಿಗೆ ಅದನ್ನು ಯಾರೂ ಓದಿ ಹೇಳಿರಲಿಲ್ಲ.

ಅದೇ ಬೀರುವಿನ ಅಟ್ರೋಪಿನ್ನಿಗೆ ಇನ್ನೊಂದು ಕೆಲಸವಿತ್ತು. ಹತ್ತಿ ಬೆಳೆಯುವ ಆ ಕಪ್ಪು ಮಣ್ಣಿನ ಸೀಮೆಯಲ್ಲಿ ಕೀಟನಾಶಕಕ್ಕೆ ‘ಎಣ್ಣಿ’ ಅನ್ನುತ್ತಾರೆ. “ಎಣ್ಣಿ ಕುಡದಾರ” ಎಂದು ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊತ್ತು ತಂದವರಿಗೆ ರಾತ್ರಿಯಿಡೀ ಅಟ್ರೋಪಿನ್ ಕೊಡುತ್ತ ಕೂರುವುದು ಸಣ್ಣ ಡಾಕ್ಟರಮ್ಮನ ಪಾಲಿಗೆ ಬಂದಿತ್ತು. ನಾಡಿ ನೋಡುವುದು, ಕಣ್ಣಿನ ಪಾಪೆ ನೋಡುವುದು, ಮತ್ತೊಂದು ಆಂಪ್ಯೂಲ್ ಒಡೆಯುವುದು. ಬೆಳಗಾಗುವಾಗ ಜೀವ ಉಳಿದಿದ್ದರೆ ಇಡೀ ವಾರ್ಡಿಗೆ ಸಂತೋಷ. ಆಮೇಲೆ ಪೊಲೀಸರು ಬರುತ್ತಿದ್ದರು. ಆತ್ಮಹತ್ಯೆಗೆ ಯತ್ನಿಸುವುದು ಆಗ ದಂಡ ಸಂಹಿತೆಯ 309ನೇ ಕಲಮಿನಡಿ ಅಪರಾಧ. ತಪ್ಪಿ ಕುಡಿದದ್ದು ಎಂದು ಬರೆದುಕೊಡಿ ಎಂದು ಮನೆಯವರು ಕೈ ಮುಗಿಯುತ್ತಿದ್ದರು. ನಾಲ್ಕೈದು ದಿನಕ್ಕೆ ಡಿಸ್ಚಾರ್ಜ್. ಯಾಕೆ ಕುಡಿದೆ ತಾಯಿ ಎಂದು ಕೇಳುವುದು ಯಾರ ಕೆಲಸವೂ ಆಗಿರಲಿಲ್ಲ, ಯಾವ ಫಾರಮ್ಮಿನಲ್ಲೂ ಆ ಪ್ರಶ್ನೆ ಇರಲಿಲ್ಲ.

ಹಾಗೆ ಉಳಿದವರಲ್ಲಿ ಒಬ್ಬಾಕೆ, ಎರಡು ಮಕ್ಕಳ ತಾಯಿ, ಇದ್ದಷ್ಟು ದಿನವೂ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಗಂಡ ತಂದ ಗಂಜಿಯನ್ನು ಆಯಾ ಕುಡಿಸಿದರೆ ಕುಡಿದಳು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಜಗಳವಿರಲಿಲ್ಲ, ಸಾಲದ ಕಾಟವೂ ಇರಲಿಲ್ಲ. ಎರಡನೇ ಹೆರಿಗೆಯ ನಂತರ ಹೀಗೇ, ಏನೂ ಬ್ಯಾಡ ಅಂತಾಳ ಎಂದಷ್ಟೇ ಗಂಡ ಹೇಳಿದ. ಇವತ್ತು ಮೂರನೇ ವರ್ಷದ ವೈದ್ಯಕೀಯ ವಿದ್ಯಾರ್ಥಿಯೂ ಅದನ್ನು ಕೇಳಿ ಖಿನ್ನತೆ ಎಂದು ಗುರುತಿಸಬಲ್ಲ. ವರ್ಷ ತುಂಬುವ ಮೊದಲೇ ಆಕೆಯನ್ನು ಮತ್ತೆ ತಂದರು. ಆ ಸಲ ಉಳಿಯಲಿಲ್ಲ.

ಡಾಕ್ಟರಮ್ಮ ಸರ್ಜರಿಯೋ ಹೆರಿಗೆ ವಿಭಾಗವೋ ಹಿಡಿಯುತ್ತಾರೆಂದು ಎಲ್ಲರೂ ಎಣಿಸಿದ್ದರು. ಅವರು ಹೋದದ್ದು ಮನೋವೈದ್ಯಕ್ಕೆ. ಹುಚ್ಚಾಸ್ಪತ್ರೆಗೆ ಸೇರಿದಳಂತೆ ಎಂದು ನೆಂಟರು ಗಂಟಲು ತಗ್ಗಿಸಿ ಮಾತಾಡಿದ ಕಾಲ. ಅದೇ ವರ್ಷಗಳಲ್ಲಿ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ಮನೋರೋಗ ಗುರುತಿಸಿ ಔಷಧ ಕೊಡುವುದನ್ನು ಕಲಿಸುತ್ತಿದ್ದರು. ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಆ ಪ್ರಯೋಗವೇ. ಹಳ್ಳಿಯಲ್ಲೂ ಇದು ಸಾಧ್ಯ ಎಂದು ಡಾಕ್ಟರಮ್ಮನಿಗೆ ಅನ್ನಿಸಿದ್ದು ಅಲ್ಲಿಗೆ ಹೋಗಿ ಬಂದವರ ಮಾತು ಕೇಳಿ.

ಆದರೆ ಕೈಯಲ್ಲಿದ್ದ ಮಾತ್ರೆಗಳು ನಿಧಾನ. ಇಮಿಪ್ರಮಿನ್, ಅಮಿಟ್ರಿಪ್ಟಿಲಿನ್, ಆಮೇಲೆ ಬಂದ ಫ್ಲೂಆಕ್ಸೆಟಿನ್, ಯಾವುದೇ ಕೊಟ್ಟರೂ ಎರಡು ಮೂರು ವಾರ ಕಾಯಬೇಕು, ಕೆಲವರಿಗೆ ಆರು ವಾರ. ಸಾಯುತ್ತೇನೆ ಅನ್ನುವವರಿಗೆ ಆರು ವಾರ ಕಾಯಿರಿ ಎಂದು ಹೇಳುವಾಗ ಡಾಕ್ಟರ ನಾಲಿಗೆಯೂ ಒಣಗುತ್ತದೆ. ಬೇಗ ಕೆಲಸ ಮಾಡುತ್ತಿದ್ದದ್ದು ಜನ ‘ಕರೆಂಟು ಕೊಡೋದು’ ಅನ್ನುವ ಇಸಿಟಿ. ಮತ್ತು ಬರಿಸದೆ ಅದನ್ನು ಕೊಡುವ ಪದ್ಧತಿ ದೇಶದ ಅನೇಕ ಕಡೆ ಬಹುಕಾಲ ಉಳಿದಿತ್ತು. ಅದನ್ನು ಕಾನೂನು ನಿಷೇಧಿಸಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಬರಬೇಕಾಯಿತು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಹೇಳಿದ್ದೂ ಆ ಕಾಯ್ದೆಯೇ.

2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಕಾರ್ಲೋಸ್ ಜರಾಟೆ ಮತ್ತು ಸಂಗಡಿಗರ ಪ್ರಬಂಧ ಬಂತು. ಹಲವು ಔಷಧಗಳಿಗೂ ಜಗ್ಗದ ಖಿನ್ನತೆಯ 18 ಜನ. ದೇಹತೂಕದ ಕಿಲೋ ಒಂದಕ್ಕೆ ಅರ್ಧ ಮಿಲಿಗ್ರಾಂ ಕೆಟಮಿನ್, ನಲವತ್ತು ನಿಮಿಷದಲ್ಲಿ, ಹನಿಹನಿಯಾಗಿ. ಎರಡು ಗಂಟೆಯೊಳಗೇ ಬದಲಾವಣೆ. ಮಾರನೇ ದಿನಕ್ಕೆ ನೂರಕ್ಕೆ 71 ಮಂದಿಯ ಲಕ್ಷಣಗಳು ಅರ್ಧಕ್ಕಿಂತ ಕೆಳಗೆ. ಒಂದು ವಾರ ಕಳೆದ ಮೇಲೂ ಹಾಗೇ ಉಳಿದವರು ನೂರಕ್ಕೆ 35. ಅದಕ್ಕೂ ಮುಂಚೆ, 2000ದಲ್ಲಿ, ಯೇಲ್ ವಿಶ್ವವಿದ್ಯಾಲಯದ ಬರ್ಮನ್, ಕ್ರಿಸ್ಟಲ್, ಚಾರ್ನಿ ಇದೇ ಮಾತನ್ನು ಬೆರಳೆಣಿಕೆಯ ರೋಗಿಗಳಲ್ಲಿ ಕಂಡು ಬರೆದಿದ್ದರು. ಆಗ ಹೆಚ್ಚಿನವರು ಕಿವಿಗೊಟ್ಟಿರಲಿಲ್ಲ.

ಗ್ರಂಥಾಲಯದಲ್ಲಿ ಕೂತು ಅದನ್ನು ಓದುತ್ತ ಡಾಕ್ಟರಮ್ಮ ಲೆಕ್ಕ ಹಾಕಿದರು. ಐವತ್ತು ಕಿಲೋ ತೂಕದ ಹೆಂಗಸಿಗೆ 25 ಮಿಲಿಗ್ರಾಂ, ಅಂದರೆ ಆ ಹಳೆಯ ಸೀಸೆಯಿಂದ ಅರ್ಧ ಎಂಎಲ್. ಒಂದು ಸೀಸೆಯಲ್ಲಿ ಇಪ್ಪತ್ತು ಸಲಕ್ಕಾಗುವಷ್ಟು. ಗೋಡೆ ಕಡೆ ಮುಖ ಮಾಡಿ ಮಲಗಿದ್ದವಳ ಹಾಸಿಗೆಗೂ ಥಿಯೇಟರಿನ ಬೀರುವಿಗೂ ನಡುವೆ ಇದ್ದದ್ದು ಒಂದು ಪಡಸಾಲೆ.

ಗೊತ್ತಿದ್ದವರು ಆಗಲೇ ಜಗತ್ತಿನಲ್ಲಿ ಇದ್ದರು ಅನ್ನುವುದು ಅವರನ್ನು ಇನ್ನಷ್ಟು ಕಲಕಿತು. ಹುಡುಕುತ್ತ ಹೋದ ಹಾಗೆ ಹಳೆಯ ಹಾಳೆಗಳು ಸಿಕ್ಕವು. 1973ರಷ್ಟು ಹಿಂದೆಯೇ ಇರಾನಿನ ಖೊರ್ರಮ್‌ಜಾದೆ ಮತ್ತು ಲೋತ್ಫಿ ನೂರು ಮನೋರೋಗಿಗಳಿಗೆ ಕೆಟಮಿನ್ ಕೊಟ್ಟು ಬರೆದಿದ್ದರು. ಲೆನಿನ್‌ಗ್ರಾಡ್‌ನಲ್ಲಿ ಎವ್ಗೆನಿ ಕ್ರುಪಿಟ್ಸ್ಕಿ ಎಂಬ ವೈದ್ಯ 1985ರಿಂದ ಮದ್ಯವ್ಯಸನಿಗಳಿಗೆ ಅದನ್ನು ಕೊಡುತ್ತಿದ್ದರು, ಬರಿಯ ಇಂಜೆಕ್ಷನ್ ಅಲ್ಲ, ಮೊದಲೂ ಮಾತು, ಆಮೇಲೂ ಮಾತು, ನಡುವೆ ಪಕ್ಕದಲ್ಲೇ ಕೂರುವುದು. 111 ಜನರಲ್ಲಿ ಮೂರನೇ ಎರಡರಷ್ಟು ಮಂದಿ ಒಂದು ವರ್ಷ ಕುಡಿಯದೆ ಇದ್ದರೆಂದೂ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಅಂಥವರು ಕಾಲು ಭಾಗದಷ್ಟೆಂದೂ ಅವರ ವರದಿ. ಮುಂದೆ ರಷ್ಯಾದಲ್ಲಿ ಕೆಟಮಿನ್ ಮೇಲಿನ ಕಾನೂನು ಬಿಗಿಯಾಗಿ ಆ ಕೆಲಸ ಸೊರಗಿತು. ಡಾಕ್ಟರಮ್ಮ ಎಣಿಸಿ ನೋಡಿದರು. ಲೆನಿನ್‌ಗ್ರಾಡ್‌ನ ರೋಗಿಯ ಪಕ್ಕ ವೈದ್ಯರು ಕೂತ ವರ್ಷಗಳಲ್ಲೇ ತುಂಗಭದ್ರೆಯ ಬಯಲಿನಲ್ಲಿ ಆಯಾ ಕೂತಿದ್ದಳು.

ಡಾಕ್ಟರಮ್ಮ ತಾವೇ ಕೊಡಲು ಶುರುಮಾಡಿದ್ದು ಇನ್ನೂ ಹಲವು ವರ್ಷಗಳ ಮೇಲೆ, ಒಬ್ಬ ಅರಿವಳಿಕೆ ತಜ್ಞರನ್ನು ಜೊತೆ ಮಾಡಿಕೊಂಡು. 2013ರ ಕೊನೆಗೆ ಭಾರತ ಸರ್ಕಾರ ಕೆಟಮಿನ್ನನ್ನು ಷೆಡ್ಯೂಲ್ ಎಕ್ಸ್‌ಗೆ ಸೇರಿಸಿತ್ತು. ಚೀಟಿ ಎರಡು ಪ್ರತಿ, ದಾಸ್ತಾನಿಗೆ ಬೀಗ, ಎಂಎಲ್ ಎಂಎಲ್‌ಗೂ ಲೆಕ್ಕ. ಕಳ್ಳಸಾಗಣೆಯ ಭಯ ಸುಳ್ಳಲ್ಲ. ಆದರೂ 2015ರಲ್ಲಿ ಚೀನಾ ವಿಶ್ವಸಂಸ್ಥೆಯಲ್ಲಿ ಇದರ ಮೇಲೆ ಇನ್ನೂ ಕಠಿಣ ಅಂತರರಾಷ್ಟ್ರೀಯ ನಿರ್ಬಂಧ ಕೇಳಿದಾಗ ವಿಶ್ವ ಆರೋಗ್ಯ ಸಂಸ್ಥೆ ಬೇಡವೆಂದದ್ದು ಸರಿ ಎಂದೇ ಅವರ ನಿಲುವು. ಬಾಯ್ಲ್ಸ್ ಮಷೀನಿಗೆ ಬಟ್ಟೆ ಹೊದಿಸಿದ ಥಿಯೇಟರನ್ನು ಕಂಡವರಿಗೆ ಬೇರೆ ನಿಲುವು ಬರಲಾರದು. ಖಿನ್ನತೆಗೆ ಇದನ್ನು ಬಳಸುವುದರ ಒಳಿತು ಕೆಡಕುಗಳನ್ನು ನಿಮ್ಹಾನ್ಸ್‌ನ ಪ್ರೊಫೆಸರ್ ಚಿತ್ತರಂಜನ್ ಅಂದ್ರಾದೆ 2017ರಲ್ಲಿ ಒಂದು ಲೇಖನಮಾಲೆಯಾಗಿ ಬರೆದರು. ಯಾವುದೇ ಉತ್ಸಾಹಕ್ಕೂ ಜಾರದ ಆ ಲೇಖನಗಳ ಪ್ರತಿ ಡಾಕ್ಟರಮ್ಮನ ಕ್ಲಿನಿಕ್ಕಿನ ಮೇಜಿನ ಮೇಲೆ ಸದಾ ಇರುತ್ತಿತ್ತು.

ಡ್ರಿಪ್ ಕೊಡುವ ಕೋಣೆಯಲ್ಲಿ ನೋಡುವಂಥದ್ದು ಹೆಚ್ಚೇನೂ ಇಲ್ಲ. ಒಂದು ಮಂಚ, ಬಿಪಿ ಮತ್ತು ಆಕ್ಸಿಜನ್ ತೋರಿಸುವ ಮಾನಿಟರ್, ಹನಿಯ ವೇಗ ಕಾಯುವ ಸಿರಿಂಜ್ ಪಂಪ್, ಎಳೆದ ಪರದೆ. ಬಿಪಿ ಹತೋಟಿಯಲ್ಲಿಲ್ಲದವರಿಗೆ, ಭ್ರಮೆಗಳ ಕಾಯಿಲೆ ಇರುವವರಿಗೆ, ನಶೆಯ ಚಟ ಇರುವವರಿಗೆ ಕೊಡುವುದಿಲ್ಲ. ಹತ್ತು ನಿಮಿಷಕ್ಕೆ ತುಟಿ ನಾಲಿಗೆ ಜೋಮು ಹಿಡಿಯುತ್ತದೆ, ಮಾತು ನಿಧಾನವಾಗುತ್ತದೆ. ಕೆಲವರಿಗೆ ಮೈ ಹಗುರ, ಕೆಲವರಿಗೆ ಗೋಡೆ ದೂರ ಸರಿದಂತೆ, ಕೆಲವರಿಗೆ ಬರೀ ಓಕರಿಕೆ. ನಲವತ್ತು ನಿಮಿಷ ಮುಗಿದ ಮೇಲೂ ಎರಡು ಗಂಟೆ ಕಾದು, ಮನೆಯವರ ಜೊತೆಯಲ್ಲಿ ಕಳಿಸುವುದು. ಆವತ್ತು ಗಾಡಿ ಓಡಿಸುವಂತಿಲ್ಲ. ಅವರ ಕೋಣೆಯ ಒಂದು ಕಟ್ಟಳೆ ಮಾತ್ರ ಬೇರೆ ಕಡೆ ಅಷ್ಟಾಗಿ ಕಾಣದು. ಹನಿ ನಿಂತು ರೋಗಿ ತಾನಾಗಿ ಮಾತಾಡುವ ತನಕ ಒಬ್ಬರು ಕದಲದೆ ಪಕ್ಕದಲ್ಲಿರಬೇಕು, ಮೊಬೈಲ್ ಹೊರಗಿಟ್ಟು. ರೋಗಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಒಂದು ಕಾಲಕ್ಕೆ ಬಡಬಡಿಕೆ ಅನ್ನಿಸಿಕೊಂಡದ್ದು ಅಲ್ಲಿ ಕೇಸ್ ಶೀಟಿನ ಮೊದಲ ಪುಟ.

ನಿವೃತ್ತ ಬ್ಯಾಂಕ್ ನೌಕರರೊಬ್ಬರು ಬಂದಿದ್ದರು. ಐದಾರು ಬಗೆಯ ಮಾತ್ರೆ ಆಗಿತ್ತು, ಇಸಿಟಿಯೂ ಆಗಿತ್ತು. ಮೂರು ವರ್ಷದಿಂದ ಊಟದ ತಟ್ಟೆಯ ಮುಂದೆ ಕೂತರೆ ಏನು ಬಡಿಸಿದರು ಅನ್ನುವುದೇ ಅವರಿಗೆ ತಿಳಿಯುತ್ತಿರಲಿಲ್ಲ. ಮೊದಲ ಡ್ರಿಪ್ ಆದ ಮಾರನೇ ದಿನ ಮಧ್ಯಾಹ್ನ ಹೆಂಡತಿಯ ಫೋನು, ಅಳುತ್ತಿದ್ದರು. “ಮೇಡಂ, ಸಾರಿಗೆ ಉಪ್ಪು ಕಮ್ಮಿ ಅಂದ್ರು. ಮೂರು ವರ್ಷದಲ್ಲಿ ಇದೇ ಮೊದಲು.” ಅದೇ ವಾರ ಅವರು ಪೇಪರ್ ಕೇಳಿದರು, ಮಗನಿಗೆ ತಾವಾಗಿಯೇ ಫೋನ್ ಮಾಡಿದರು. ಹತ್ತು ದಿನ ಕಳೆಯುವಷ್ಟರಲ್ಲಿ ಮತ್ತೆ ಕಂಬಳಿ ಹೊದ್ದು ಮಲಗಿದರು. ಎರಡನೆಯದು, ಮೂರನೆಯದು, ಹೀಗೆ ವಾರಕ್ಕೆರಡರಂತೆ ಕೊಟ್ಟು, ಜೊತೆಗೆ ಮಾತ್ರೆ, ದಿನಚರಿ, ಬೆಳಗಿನ ನಡಿಗೆ, ಹೆಂಡತಿಯ ಜೊತೆಗೂ ಪ್ರತ್ಯೇಕ ಮಾತುಕತೆ ಸೇರಿಸಿದ ಮೇಲೆ ಬಾಳಿಕೆ ಬಂತು.

ಕೆಟಮಿನ್ ಕೊಡುವುದು ಕೆಲವು ದಿನಗಳ ಬಿಡುವನ್ನು. ನಂಬಿಕೆ ಬತ್ತಿದವರಿಗೆ ಅದು ದೊಡ್ಡ ಕೊಡುಗೆ. ಆ ಬಿಡುವಿನಲ್ಲಿ ಏನೂ ಕಟ್ಟದಿದ್ದರೆ ಮುಂದಿನ ಡ್ರಿಪ್ಪಿನ ದಾರಿ ಕಾಯುವುದಷ್ಟೇ ಉಳಿಯುತ್ತದೆ. ಸಾಫ್ಟ್‌ವೇರ್ ಕಂಪನಿಯ ಒಬ್ಬ ಹುಡುಗಿ ಹಾಗೆ ಕಾಯತೊಡಗಿದ್ದಳು. ಖಿನ್ನತೆ ಇಳಿದಿತ್ತು. ಅವಳಿಗೆ ಬೇಕಾಗಿದ್ದದ್ದು ಆ ನಲವತ್ತು ನಿಮಿಷ ಎಲ್ಲದರಿಂದ ದೂರವಾಗುವುದು. ಡಾಕ್ಟರಮ್ಮ ಇನ್ನು ಕೊಡುವುದಿಲ್ಲ ಎಂದರು. ದಿನಾ ಕೆಟಮಿನ್ ತೆಗೆದುಕೊಂಡವರ ಮೂತ್ರಕೋಶ ಎಷ್ಟು ಹಾಳಾಗುತ್ತದೆಂದು 2007ರಿಂದ ವೈದ್ಯಪತ್ರಿಕೆಗಳಲ್ಲಿ ದಾಖಲಾಗುತ್ತ ಬಂದದ್ದನ್ನು ತೋರಿಸಿ ವಿವರಿಸಿದರು. ಅವಳು ಸಿಟ್ಟಾಗಿ ಹೋದಳು, ಮತ್ತೆ ಬರಲಿಲ್ಲ. ಆ ನಿರ್ಧಾರದ ಬಗ್ಗೆ ಅವರಿಗೆ ಅನುಮಾನವಿಲ್ಲ, ಅವಳ ಬಗ್ಗೆ ಚಿಂತೆ ಇದೆ.

ವಿಜ್ಞಾನವೂ ಈ ನಡುವೆ ತನ್ನ ಹಳೆಯ ಮಾತುಗಳನ್ನು ತಿರುಗಿ ತೂಗುತ್ತಿದೆ. 2019ರಲ್ಲಿ ಅಮೆರಿಕ ಒಪ್ಪಿದ ಎಸ್‌ಕೆಟಮಿನ್ ಮೂಗಿನ ಸ್ಪ್ರೇ ಹೊಸದೇನಲ್ಲ. ಕೆಟಮಿನ್ ಎಡಗೈ ಬಲಗೈಯಂಥ ಎರಡು ರೂಪಗಳ ಮಿಶ್ರಣ, ಅದರಲ್ಲಿ ಒಂದನ್ನು ಬೇರ್ಪಡಿಸಿ ದುಬಾರಿ ಬೆಲೆಗೆ ಮಾರುತ್ತಿದ್ದಾರೆ. ಹಳೆಯ ಸೀಸೆ ಇವತ್ತಿಗೂ ಅಗ್ಗ, ಖರ್ಚು ಬರುವುದು ಮಂಚಕ್ಕೆ, ಮಾನಿಟರಿಗೆ, ಪಕ್ಕದಲ್ಲಿ ಕೂರುವ ಮನುಷ್ಯರಿಗೆ. 2023ರಲ್ಲಿ ಅಮಿತ್ ಆನಂದ್ ಮತ್ತು ಸಂಗಡಿಗರು 403 ಜನರಲ್ಲಿ ಇಸಿಟಿಯನ್ನೂ ಕೆಟಮಿನ್ನನ್ನೂ ಹೋಲಿಸಿದರು. ಚಿಕಿತ್ಸೆಗೆ ಸ್ಪಂದಿಸಿದವರು ಕೆಟಮಿನ್ ಪಡೆದವರಲ್ಲಿ ನೂರಕ್ಕೆ 55, ಇಸಿಟಿ ಪಡೆದವರಲ್ಲಿ 41. ಯಾರಿಗೆ ಏನು ಕೊಟ್ಟರೆಂಬುದು ಎಲ್ಲರಿಗೂ ಗೊತ್ತಿದ್ದ ಅಧ್ಯಯನ ಅದು, ತೀವ್ರ ಭ್ರಮೆಯಿದ್ದ ರೋಗಿಗಳು ಅದರಲ್ಲಿ ಇರಲಿಲ್ಲ.

ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಡಾಕ್ಟರಮ್ಮನ ನಿದ್ದೆ ಕೆಡಿಸಿದ ಒಂದು ಕೆಲಸ ಮಾಡಿದರು. ಖಿನ್ನತೆಯಿದ್ದು ಬೇರೆ ಕಾರಣಕ್ಕೆ ಆಪರೇಷನ್ ಆಗಬೇಕಿದ್ದ 40 ಜನರನ್ನು ಆರಿಸಿ, ಮತ್ತಿನಲ್ಲಿ ಮಲಗಿದ್ದಾಗ ಅರ್ಧ ಜನಕ್ಕೆ ಕೆಟಮಿನ್, ಉಳಿದವರಿಗೆ ಬರೀ ಸಲೈನ್ ಕೊಟ್ಟರು. ಯಾರಿಗೂ ತಮಗೆ ಏನು ಸಿಕ್ಕಿತೆಂದು ತಿಳಿಯುವಂತಿರಲಿಲ್ಲ. ಎರಡೂ ಗುಂಪಿನವರು ಒಂದೇ ಸಮ ಸುಧಾರಿಸಿದರು. ಹಾಗಾದರೆ ಔಷಧದ ಪಾಲೆಷ್ಟು, ಭರವಸೆಯ ಪಾಲೆಷ್ಟು, ಅಷ್ಟೊಂದು ಜನ ಕಾಳಜಿಯಿಂದ ನೋಡಿಕೊಂಡ ಆ ದಿನಗಳ ಪಾಲೆಷ್ಟು? ಕೆಟಮಿನ್ ಬರೀ ನಂಬಿಕೆ ಎಂದು ಡಾಕ್ಟರಮ್ಮ ತೀರ್ಮಾನಿಸಲಿಲ್ಲ. ಉಳಿದ ಅರಿವಳಿಕೆ ಔಷಧಗಳೇ ಲೆಕ್ಕವನ್ನು ಕಲಸಿರಬಹುದು, 40 ಸಣ್ಣ ಸಂಖ್ಯೆ. ಆದರೆ ಪಕ್ಕದಲ್ಲಿ ಕೂರುವುದನ್ನು ಮೇಲುಖರ್ಚು ಎಂದು ಕಡಿತಗೊಳಿಸುವ ಕ್ಲಿನಿಕ್ಕುಗಳ ಮೇಲೆ ಅವರಿಗಿದ್ದ ಬೇಸರ ಇನ್ನಷ್ಟು ಗಟ್ಟಿಯಾಯಿತು.

ಈಗ ಕರ್ನಾಟಕದಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಹೋಗುತ್ತಾರೆ. 2022ರ ಅಕ್ಟೋಬರ್‌ನಿಂದ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಹಾಗೆ ತಾಲ್ಲೂಕುಗಳಿಗೆ ಹೋಗುವ ಕಿರಿಯ ವೈದ್ಯರಿಗೆ ಪಾಠ ಹೇಳುವಾಗ ಒಬ್ಬ ಹುಡುಗ ಕೇಳಿದ: “ಮೇಡಂ, ಥಿಯೇಟರ್ ಇದೆ, ಅನಸ್ತೇಷಿಯಾದವರು ಇದ್ದಾರೆ, ಔಷಧಾನೂ ಇದೆ. ತಾಲ್ಲೂಕಲ್ಲೂ ಕೆಟಮಿನ್ ಶುರು ಮಾಡಬಹುದಲ್ಲ?” ಮಾಡಬಹುದು ಎಂದರು ಡಾಕ್ಟರಮ್ಮ, ಮೊದಲು ಜಿಲ್ಲೆಯಲ್ಲಿ ಮಾಡಿ ನೋಡೋಣ. ಆದರೆ ಅದಕ್ಕಿಂತ ಮುಂಚೆ, ಎಣ್ಣಿ ಕುಡಿದು ಉಳಿದವರ ಡಿಸ್ಚಾರ್ಜ್ ಚೀಟಿಯಲ್ಲಿ ಎರಡು ಸಾಲು ಸೇರಿಸಿ ಎಂದರು: ಯಾರು ಅವರ ಹತ್ತಿರ ಕೂತು ಮಾತಾಡಿದರು, ಮತ್ತೆ ಯಾವ ಮಂಗಳವಾರ ಬರಬೇಕು. ಮೊದಲ ತಿಂಗಳು ಬಂದ ಚೀಟಿಗಳಲ್ಲಿ ಎಷ್ಟೋ ಕಡೆ ಆ ಸಾಲುಗಳು ಖಾಲಿ ಇದ್ದವು. ಖಾಲಿ ಇದ್ದವನ್ನೆಲ್ಲ ಬೇರೆ ಮಾಡಿ, ವಾರ್ಡಿಗೆ ಹೋಗಿ ತುಂಬಿಸಿಕೊಂಡು ಬನ್ನಿ ಎಂದು ಅವರು ವಾಪಸ್ ಕಳಿಸಿದ್ದಾರೆ.